ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ: ವಾಯುಮಾರ್ಗದ ದೂರ ಮತ್ತು ಪ್ರಯಾಣಾವಧಿ

ಪೀಠಿಕೆ

ವಿದೇಶದಲ್ಲಿ ನೆಲೆಸಿರುವ ಕನ್ನಡಿಗರು ಹಾಗೂ ಅವರ ಕುಟುಂಬದವರು ಆಸ್ತಿ ನೋಂದಣಿ, ದಾಖಲೆಗಳ ಪರಿಶೀಲನೆ, ವೀಸಾ ಸಂದರ್ಶನ, ಮಕ್ಕಳ ಪ್ರವೇಶಾತಿ ಮುಂತಾದ ಕಾರ್ಯಗಳಿಗಾಗಿ ನಿಗದಿತ ದಿನದಂದು ಖುದ್ದಾಗಿ ಹಾಜರಾಗಬೇಕಾದ ಸಂದರ್ಭಗಳು ಒದಗುತ್ತವೆ. ಇಂತಹ ಸಂದರ್ಭಗಳಲ್ಲಿ ಪ್ರಯಾಣದ ಅವಧಿಯನ್ನು ತಪ್ಪಾಗಿ ಎಣಿಸಿದರೆ ಒಂದು ದಿನ ತಡವಾಗಿ ತಲುಪಿ, ಪಡೆದ ಸಮಯಾವಕಾಶವನ್ನು ಕಳೆದುಕೊಳ್ಳಬೇಕಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಕರಾವಳಿಗೆ ಹೋಗಿಬರುವವರಲ್ಲಿ ಈ ತಪ್ಪು ಸುಲಭವಾಗಿ ಉಂಟಾಗುತ್ತದೆ. ಏಕೆಂದರೆ ಅಲ್ಲಿಗೂ ಇಲ್ಲಿಗೂ ದೂರವು ಭೂಪರಿಧಿಯ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು, ಗಡಿಯಾರದ ವ್ಯತ್ಯಾಸವು ಅರ್ಧ ದಿನಕ್ಕಿಂತಲೂ ಹೆಚ್ಚು.

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಮತ್ತು ಸಿಲಿಕಾನ್ ಕಣಿವೆಗೆ ಸಮೀಪವಿರುವ ಸ್ಯಾನ್ ಫ್ರಾನ್ಸಿಸ್ಕೊ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳ ನಡುವಣ ದೂರ, ಹಾರಾಟದ ಅವಧಿ, ಕಾಲಮಾನದ ವ್ಯತ್ಯಾಸ ಹಾಗೂ ದಿನಾಂಕದ ಲೆಕ್ಕಾಚಾರವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಕೆಳಗೆ ವಿವರಿಸಲಾಗಿದೆ.

1. ಎರಡು ನಿಲ್ದಾಣಗಳ ನಡುವಣ ದೂರ

ದೇವನಹಳ್ಳಿಯ ಬಳಿ 2008ರ ಮೇ ತಿಂಗಳಿನಲ್ಲಿ ಕಾರ್ಯಾರಂಭ ಮಾಡಿದ ಬೆಂಗಳೂರಿನ ವಿಮಾನ ನಿಲ್ದಾಣವು 13.2 ಡಿಗ್ರಿ ಉತ್ತರ ಅಕ್ಷಾಂಶ ಹಾಗೂ 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣವು 37.6 ಡಿಗ್ರಿ ಉತ್ತರ ಅಕ್ಷಾಂಶ ಹಾಗೂ 122.4 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಇವೆರಡರ ನಡುವೆ ಭೂಮಿಯ ಮೇಲ್ಮೈಯ ಮೇಲೆ ಅಳೆಯಬಹುದಾದ ಅತಿ ಕಡಿಮೆ ದೂರವು ಸುಮಾರು 14,000 ಕಿಲೋಮೀಟರ್, ಅಂದರೆ ಸುಮಾರು 8,700 ಮೈಲಿ. ವಿಮಾನಯಾನದಲ್ಲಿ ಬಳಸುವ ನಾಟಿಕಲ್ ಮೈಲಿಯ ಲೆಕ್ಕದಲ್ಲಿ ಇದು ಸುಮಾರು 7,550 ಆಗುತ್ತದೆ. ಒಂದು ನಾಟಿಕಲ್ ಮೈಲಿಯು 1.852 ಕಿಲೋಮೀಟರಿಗೆ ಸಮ. ದೂರವನ್ನು ಓದುವಾಗ ಯಾವ ಮಾನದಲ್ಲಿ ನೀಡಲಾಗಿದೆ ಎಂಬುದನ್ನು ಗಮನಿಸತಕ್ಕದ್ದು.

2. ಭೂಪಟದಲ್ಲಿ ಕಾಣುವ ಹಾದಿ ಮತ್ತು ನಿಜವಾದ ಹಾದಿ

ಗೋಡೆಗೆ ತೂಗುಹಾಕುವ ಭೂಪಟದಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಶಾಂತ ಸಾಗರವನ್ನು ದಾಟುವಂತೆ ಒಂದು ನೇರ ಗೆರೆ ಎಳೆದರೆ ಅದೇ ಅತಿ ಹತ್ತಿರದ ಮಾರ್ಗವೆಂದು ತೋರುತ್ತದೆ. ಇದು ಸರಿಯಲ್ಲ. ದುಂಡಗಿರುವ ಭೂಮಿಯನ್ನು ಚಪ್ಪಟೆಯಾದ ಕಾಗದದ ಮೇಲೆ ಹರಡಿದಾಗ ದೂರಗಳು ಹಿಗ್ಗಿ ಕಾಣುತ್ತವೆ. ಹಾಗೆ ಎಳೆದ ಗೆರೆಯಂತೆ ದಿಕ್ಕು ಬದಲಿಸದೆ ಸಾಗಿದರೆ ಸುಮಾರು 16,100 ಕಿಲೋಮೀಟರ್ ಕ್ರಮಿಸಬೇಕಾಗುತ್ತದೆ. ಅಂದರೆ 2,000 ಕಿಲೋಮೀಟರಿಗೂ ಹೆಚ್ಚು ವ್ಯರ್ಥ.

ಗೋಳದ ಮೇಲೆ ಎರಡು ಸ್ಥಳಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಯಾವ ಹಾದಿಯಲ್ಲಿ ಕುಳಿತುಕೊಳ್ಳುತ್ತದೆಯೋ ಅದೇ ಅತಿ ಹತ್ತಿರದ ಮಾರ್ಗ. ಇದನ್ನು ಮಹಾವೃತ್ತ ಮಾರ್ಗವೆಂದು ಕರೆಯಲಾಗುತ್ತದೆ. ಬೆಂಗಳೂರಿನಿಂದ ಹೊರಟ ಈ ಮಾರ್ಗವು ಬಹುಮಟ್ಟಿಗೆ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು ಏರುತ್ತದೆ. ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ, ಅಂದರೆ ಆರ್ಕ್ಟಿಕ್ ವೃತ್ತವನ್ನೂ ಮೀರಿ ಹೋಗಿ, ಅನಂತರ ದಕ್ಷಿಣಕ್ಕೆ ಇಳಿಯುತ್ತದೆ. ಉತ್ತರ ಧ್ರುವದ ಮೂಲಕವೇ ಸಾಗಿದರೂ ಒಟ್ಟು ದೂರವು ಸುಮಾರು 14,370 ಕಿಲೋಮೀಟರ್ ಮಾತ್ರ. ಧ್ರುವದ ಹಾದಿಯು ಸುತ್ತುಬಳಸಿನದೆಂದು ಮೇಲ್ನೋಟಕ್ಕೆ ತೋರಿದರೂ ಅದರಿಂದ ಹೆಚ್ಚಾಗುವ ದೂರವು ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವಷ್ಟೇ.

2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಈ ಎರಡು ನಗರಗಳ ನಡುವೆ ನೇರ ವಿಮಾನ ಸೇವೆಯನ್ನು ಆರಂಭಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡವು ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದಲೇ ತಂದಿತು. ಅತಿ ಹತ್ತಿರದ ಹಾದಿಗಿಂತ ಕೊಂಚ ಬೇರೆಯಾದ ಹಾದಿಯೂ ವಿಮಾನಯಾನದಲ್ಲಿ ಅನುಕೂಲಕರವಾಗಬಲ್ಲದು ಎಂಬುದಕ್ಕೆ ಇದು ಒಂದು ನಿದರ್ಶನ. ಪ್ರತಿ ದಿನದ ಗಾಳಿ, ಹವಾಮಾನ ಹಾಗೂ ದೇಶಗಳ ವಾಯುಪ್ರದೇಶದ ಅನುಮತಿಯನ್ನು ನೋಡಿಕೊಂಡು ಮಾರ್ಗವನ್ನು ನಿರ್ಧರಿಸಲಾಗುತ್ತದೆ. 2022ರಲ್ಲಿ ರಷ್ಯಾದ ವಾಯುಪ್ರದೇಶವು ಹಲವು ದೇಶಗಳ ವಿಮಾನಗಳಿಗೆ, 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ವಾಯುಪ್ರದೇಶವು ಭಾರತೀಯ ವಿಮಾನಗಳಿಗೆ ಮುಚ್ಚಲ್ಪಟ್ಟಾಗ ಅನೇಕ ದೂರಪ್ರಯಾಣದ ವಿಮಾನಗಳ ಅವಧಿ ಹೆಚ್ಚಿತು. ಆದುದರಿಂದ ಹಿಂದಿನ ವರ್ಷದ ಪ್ರಯಾಣದ ಅನುಭವವನ್ನೇ ಈ ವರ್ಷಕ್ಕೂ ಆಧಾರವಾಗಿಟ್ಟುಕೊಳ್ಳುವುದು ಸೂಕ್ತವಲ್ಲ.

3. ಹಾರಾಟಕ್ಕೆ ತಗಲುವ ಸಮಯ

ದೊಡ್ಡ ಜೆಟ್ ವಿಮಾನಗಳು ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಸಾಗುತ್ತವೆ. ಈ ವೇಗದಲ್ಲಿ 14,000 ಕಿಲೋಮೀಟರ್ ಕ್ರಮಿಸಲು ಹದಿನೈದೂವರೆ ಗಂಟೆ ಬೇಕು. ಆದರೆ ಈ 900 ಕಿಲೋಮೀಟರ್ ಎಂಬುದು ವಿಮಾನವು ತನ್ನನ್ನು ಸುತ್ತುವರಿದ ಗಾಳಿಯಲ್ಲಿ ಸಾಗುವ ವೇಗ. ಆ ಗಾಳಿಯೇ ಚಲಿಸುತ್ತಿದ್ದರೆ ನೆಲದ ಮೇಲಿನ ವೇಗವು ಬದಲಾಗುತ್ತದೆ. ಹೊಳೆಯ ಹರಿವಿನ ಜೊತೆಗೆ ಸಾಗುವ ದೋಣಿಗೂ ಹರಿವಿಗೆ ಎದುರಾಗಿ ಸಾಗುವ ದೋಣಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಭೂಮಿಯ ಮೇಲೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಪ್ರಬಲವಾದ ವಾಯುಪ್ರವಾಹಗಳು ಬೀಸುತ್ತವೆ. ಚಳಿಗಾಲದಲ್ಲಿ ಇವುಗಳ ಬಲ ಹೆಚ್ಚು. ಪ್ರಯಾಣದುದ್ದಕ್ಕೂ ಸರಾಸರಿ ಗಂಟೆಗೆ 60 ಕಿಲೋಮೀಟರ್ ಗಾಳಿಯು ಹಿಂದಿನಿಂದ ನೂಕಿದರೆ ಹಾರಾಟದ ಸಮಯ ಹದಿನಾಲ್ಕೂವರೆ ಗಂಟೆಗೆ ಇಳಿಯುತ್ತದೆ. ಅಷ್ಟೇ ಗಾಳಿಯು ಎದುರಿನಿಂದ ಬೀಸಿದರೆ ಹದಿನಾರೂಮುಕ್ಕಾಲು ಗಂಟೆ ಸಮೀಪಿಸುತ್ತದೆ. ದೂರ ಒಂದೇ ಆದರೂ ಎರಡು ಗಂಟೆಗಳಿಗೂ ಹೆಚ್ಚಿನ ಅಂತರ ಉಂಟಾಗುವುದು ಹೀಗೆ.

ಇದರೊಂದಿಗೆ ವಿಮಾನವು ದ್ವಾರದಿಂದ ಓಡುಹಾದಿಗೆ ಸಾಗುವ, ಮೇಲೇರುವ, ಇಳಿಯುವ ಮುನ್ನ ಸರದಿಗಾಗಿ ಕಾಯುವ ಸಮಯವೂ ಸೇರುತ್ತದೆ. ಈ ಕಾರಣಗಳಿಂದ ವೇಳಾಪಟ್ಟಿಯಲ್ಲಿ ನೇರ ವಿಮಾನಕ್ಕೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 16 ಗಂಟೆ, ಮರಳಿ ಬರಲು ಹದಿನೇಳೂವರೆಯಿಂದ 18 ಗಂಟೆ ನಿಗದಿಪಡಿಸಲಾಗುತ್ತಿತ್ತು. ಹೋಗುವುದಕ್ಕಿಂತ ಬರುವುದಕ್ಕೆ ಹೆಚ್ಚು ಸಮಯ ಬೇಕೆಂಬುದನ್ನು ಅರ್ಜಿದಾರರು ವಿಶೇಷವಾಗಿ ನೆನಪಿನಲ್ಲಿಡತಕ್ಕದ್ದು.

4. ಕಾಲಮಾನದ ವ್ಯತ್ಯಾಸ

ವಿಮಾನದ ಟಿಕೆಟ್‌ನಲ್ಲಿ ನಮೂದಿಸುವ ಹೊರಡುವ ಸಮಯವು ಹೊರಡುವ ಊರಿನ ಗಡಿಯಾರದ ಸಮಯ. ತಲುಪುವ ಸಮಯವು ತಲುಪುವ ಊರಿನ ಗಡಿಯಾರದ ಸಮಯ. ಇವೆರಡನ್ನು ನೇರವಾಗಿ ಕಳೆದರೆ ದೊರೆಯುವುದು ಪ್ರಯಾಣದ ಅವಧಿಯಲ್ಲ.

ಭಾರತದಲ್ಲಿ ವರ್ಷವಿಡೀ ಒಂದೇ ಕಾಲಮಾನ ಜಾರಿಯಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಮಾರ್ಚ್ ತಿಂಗಳಿನ ಎರಡನೆಯ ಭಾನುವಾರದಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರ್ ತಿಂಗಳಿನ ಮೊದಲನೆಯ ಭಾನುವಾರದಂದು ಒಂದು ಗಂಟೆ ಹಿಂದಕ್ಕೆ ಸರಿಸಲಾಗುತ್ತದೆ. ಇದರಿಂದಾಗಿ ಭಾರತೀಯ ಕಾಲಮಾನವು ಸ್ಯಾನ್ ಫ್ರಾನ್ಸಿಸ್ಕೊದ ಕಾಲಮಾನಕ್ಕಿಂತ:

ಅ) ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ 13 ಗಂಟೆ 30 ನಿಮಿಷ ಮುಂದಿರುತ್ತದೆ.
ಆ) ಮಾರ್ಚ್‌ನಿಂದ ನವೆಂಬರ್‌ವರೆಗಿನ ಅವಧಿಯಲ್ಲಿ 12 ಗಂಟೆ 30 ನಿಮಿಷ ಮುಂದಿರುತ್ತದೆ.

ಉದಾಹರಣೆಗೆ, ಜನವರಿಯ ಒಂದು ಬುಧವಾರ ಬೆಳಿಗ್ಗೆ 10.00 ಗಂಟೆಗೆ ಬೆಂಗಳೂರಿನಲ್ಲಿ ಕಚೇರಿ ತೆರೆಯುವಾಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಂಗಳವಾರ ರಾತ್ರಿ 8.30 ಆಗಿರುತ್ತದೆ. ಜುಲೈ ತಿಂಗಳಿನಲ್ಲಾದರೆ ಮಂಗಳವಾರ ರಾತ್ರಿ 9.30 ಆಗಿರುತ್ತದೆ.

5. ದಿನಾಂಕದ ಲೆಕ್ಕ

ಪ್ರಯಾಣಿಕರಿಗೆ ಅತಿ ಹೆಚ್ಚಿನ ಗೊಂದಲ ಉಂಟಾಗುವುದು ದಿನಾಂಕದ ವಿಷಯದಲ್ಲಿ. ಚಳಿಗಾಲದ ಎರಡು ಉದಾಹರಣೆಗಳಿಂದ ಇದನ್ನು ತಿಳಿಯಬಹುದು.

ಹೋಗುವಾಗ: ಬುಧವಾರ ಮಧ್ಯಾಹ್ನ 2.30ಕ್ಕೆ ಬೆಂಗಳೂರಿನಿಂದ ಹೊರಟ ವಿಮಾನವು 16 ಗಂಟೆ ಹಾರಾಟ ನಡೆಸಿದಾಗ ಬೆಂಗಳೂರಿನಲ್ಲಿ ಗುರುವಾರ ಬೆಳಿಗ್ಗೆ 6.30. ಅದರಿಂದ 13 ಗಂಟೆ 30 ನಿಮಿಷ ಕಳೆದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬುಧವಾರ ಸಂಜೆ 5.00. ಟಿಕೆಟ್ ನೋಡಿದವರಿಗೆ ಪ್ರಯಾಣ ಎರಡೂವರೆ ಗಂಟೆಯದೆಂದು ತೋರುತ್ತದೆ; ದೇಹಕ್ಕೆ ಮಾತ್ರ 16 ಗಂಟೆಯ ದಣಿವಾಗಿರುತ್ತದೆ.

ಬರುವಾಗ: ಶನಿವಾರ ರಾತ್ರಿ 8.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಡುವ ವೇಳೆಗೆ ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ 10.00. ಅದಕ್ಕೆ 17 ಗಂಟೆ 45 ನಿಮಿಷ ಸೇರಿಸಿದರೆ ತಲುಪುವುದು ಸೋಮವಾರ ನಸುಕಿನ 3.45ಕ್ಕೆ. ಭಾನುವಾರ ಎಂಬ ದಿನವು ಪ್ರಯಾಣಿಕರ ಪಾಲಿಗೆ ಆಕಾಶದಲ್ಲಿಯೇ ಕಳೆದುಹೋಗುತ್ತದೆ. ಮೇಲೆ ಹೇಳಿದ 2021ರ ಮೊದಲ ನೇರ ವಿಮಾನವೂ ಜನವರಿ 9ರ ರಾತ್ರಿ ಹೊರಟು ಜನವರಿ 11ರ ನಸುಕಿನಲ್ಲಿ ಬೆಂಗಳೂರು ತಲುಪಿತ್ತು.

ಇದರಿಂದ ಒಂದು ಸರಳ ನಿಯಮ ದೊರೆಯುತ್ತದೆ: ಸ್ಯಾನ್ ಫ್ರಾನ್ಸಿಸ್ಕೊದಿಂದ ಸಂಜೆ ಅಥವಾ ರಾತ್ರಿ ಹೊರಡುವವರು ಹೊರಡುವ ದಿನಾಂಕಕ್ಕೆ ಎರಡನ್ನು ಕೂಡಿಸಿ ಬೆಂಗಳೂರಿನ ದಿನಾಂಕವನ್ನು ಎಣಿಸಬೇಕು. ಟಿಕೆಟ್‌ನಲ್ಲಿ ತಲುಪುವ ಸಮಯದ ಪಕ್ಕದಲ್ಲಿ ಕಾಣುವ +1 ಅಥವಾ +2 ಎಂಬ ಗುರುತು ಇದನ್ನೇ ಸೂಚಿಸುತ್ತದೆ.

ಮಧ್ಯರಾತ್ರಿಯ ನಂತರ ಹೊರಡುವ ವಿಮಾನಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಅಗತ್ಯ. 15ನೆಯ ತಾರೀಖು 00.30 ಎಂದು ನಮೂದಿಸಿದ್ದರೆ ಅದು 14ನೆಯ ತಾರೀಖಿನ ರಾತ್ರಿ ಕಳೆದು ಅರ್ಧ ಗಂಟೆಯಾದ ಸಮಯ. ಪ್ರಯಾಣಿಕರು 14ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. 15ರ ರಾತ್ರಿ ನಿಲ್ದಾಣಕ್ಕೆ ಬಂದವರ ವಿಮಾನವು ಅದಾಗಲೇ ಸುಮಾರು ಒಂದು ದಿನದ ಹಿಂದೆ ಹೊರಟುಹೋಗಿರುತ್ತದೆ.

6. ನೇರ ವಿಮಾನ ಮತ್ತು ಸಂಪರ್ಕ ವಿಮಾನ

ಕೆಲಕಾಲ ಸ್ಥಗಿತಗೊಂಡಿದ್ದ ನೇರ ಸೇವೆಯು 2022ರ ಡಿಸೆಂಬರ್‌ನಲ್ಲಿ ಪುನರಾರಂಭವಾಗಿತ್ತು. ಇಷ್ಟು ದೂರದ ನೇರ ಸೇವೆಗಳು ವಿಮಾನಗಳ ಲಭ್ಯತೆ, ವಾಯುಪ್ರದೇಶದ ಸ್ಥಿತಿ ಹಾಗೂ ಬೇಡಿಕೆಗೆ ಅನುಗುಣವಾಗಿ ಬದಲಾಗುತ್ತವೆ. ಪ್ರಯಾಣದ ಅವಧಿಯಲ್ಲಿ ನೇರ ಸೇವೆ ಇದೆಯೇ ಎಂಬುದನ್ನು ವಿಮಾನ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು. ಇಲ್ಲವಾದಲ್ಲಿ ಮತ್ತೊಂದು ನಿಲ್ದಾಣದಲ್ಲಿ ವಿಮಾನ ಬದಲಿಸಿ ಹೋಗಬೇಕಾಗುತ್ತದೆ. ಅಂತಹ ಕೆಲವು ಮಾರ್ಗಗಳ ಅಂದಾಜು ದೂರ ಹೀಗಿದೆ:

ದೆಹಲಿ ಮೂಲಕ: 1,700 + 12,380 = ಸುಮಾರು 14,080 ಕಿ.ಮೀ.
ದುಬೈ ಮೂಲಕ: 2,700 + 13,040 = ಸುಮಾರು 15,740 ಕಿ.ಮೀ.
ಫ್ರಾಂಕ್‌ಫರ್ಟ್ ಮೂಲಕ: 7,400 + 9,150 = ಸುಮಾರು 16,550 ಕಿ.ಮೀ.
ಸಿಂಗಪುರ ಮೂಲಕ: 3,180 + 13,590 = ಸುಮಾರು 16,770 ಕಿ.ಮೀ.

ದೆಹಲಿಯ ಮಾರ್ಗವು ನೇರ ಮಾರ್ಗಕ್ಕಿಂತ ನೂರು ಕಿಲೋಮೀಟರಿನಷ್ಟು ಮಾತ್ರ ಹೆಚ್ಚು ಎಂಬುದು ಗಮನಾರ್ಹ. ಹಾಗೆಂದು ಸಮಯವೂ ಅಷ್ಟೇ ಹೆಚ್ಚುತ್ತದೆಂದು ಭಾವಿಸಬಾರದು. ಇಳಿದು, ತಪಾಸಣೆ ಮುಗಿಸಿ, ಮುಂದಿನ ವಿಮಾನಕ್ಕೆ ಕಾಯುವ ಅವಧಿಯೇ ಹಲವು ಗಂಟೆಗಳಾಗಬಹುದು. ಒಂದು ಕಡೆ ವಿಮಾನ ಬದಲಿಸುವ ಪ್ರಯಾಣಕ್ಕೆ ಒಟ್ಟು 20ರಿಂದ 26 ಗಂಟೆ, ಕಾಯುವಿಕೆ ದೀರ್ಘವಾದರೆ ಅದಕ್ಕೂ ಹೆಚ್ಚು ಹಿಡಿಯುವುದು ಸಾಮಾನ್ಯ. ದೂರದ ಪ್ರಯಾಣದಲ್ಲಿ ಸಮಯವನ್ನು ನಿರ್ಧರಿಸುವುದು ಕಿಲೋಮೀಟರುಗಳಿಗಿಂತ ಹೆಚ್ಚಾಗಿ ನಿಲುಗಡೆಗಳು.

ಎರಡೂ ವಿಮಾನಗಳನ್ನು ಒಂದೇ ಟಿಕೆಟ್‌ನಲ್ಲಿ ಕಾಯ್ದಿರಿಸಿದ್ದರೆ, ಮೊದಲನೆಯ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನದಲ್ಲಿ ಸ್ಥಳ ಒದಗಿಸುವ ಹೊಣೆ ಸಾಮಾನ್ಯವಾಗಿ ವಿಮಾನ ಸಂಸ್ಥೆಯದಾಗಿರುತ್ತದೆ. ಹಣ ಉಳಿಸಲು ಎರಡು ಪ್ರತ್ಯೇಕ ಟಿಕೆಟ್‌ಗಳನ್ನು ಪಡೆದವರಿಗೆ ಆ ರಕ್ಷಣೆ ದೊರೆಯುವುದಿಲ್ಲ. ವಿಮಾನ ಬದಲಿಸುವ ದೇಶದಲ್ಲಿ ಟ್ರಾನ್ಸಿಟ್ ವೀಸಾ ಅಗತ್ಯವಿದೆಯೇ ಎಂಬುದನ್ನೂ ಟಿಕೆಟ್ ಕೊಳ್ಳುವ ಮುನ್ನವೇ ಆ ದೇಶದ ರಾಯಭಾರ ಕಚೇರಿಯ ಮಾಹಿತಿಯಿಂದ ತಿಳಿದುಕೊಳ್ಳತಕ್ಕದ್ದು. ಅಮೆರಿಕದ ಬೇರೊಂದು ನಗರದಲ್ಲಿ ಮೊದಲು ಇಳಿಯುವವರು ವಲಸೆ ತಪಾಸಣೆಯನ್ನು ಅಲ್ಲಿಯೇ ಮುಗಿಸಬೇಕಾಗುತ್ತದೆ. ಸಾಮಾನುಗಳನ್ನೂ ಸಾಮಾನ್ಯವಾಗಿ ಅಲ್ಲಿಯೇ ಪಡೆದು ಮತ್ತೆ ಒಪ್ಪಿಸಬೇಕಾಗುತ್ತದೆ. ಅದಕ್ಕೆ ಸಾಕಷ್ಟು ಸಮಯವನ್ನು ಇರಿಸಿಕೊಳ್ಳಬೇಕು.

7. ಮನೆಯಿಂದ ಕಚೇರಿಯವರೆಗಿನ ಒಟ್ಟು ಸಮಯ

ಹಾರಾಟದ ಅವಧಿಯು ಪ್ರಯಾಣದ ಒಂದು ಭಾಗ ಮಾತ್ರ. ಅಂತರರಾಷ್ಟ್ರೀಯ ಪ್ರಯಾಣಿಕರು ವಿಮಾನ ಹೊರಡುವ ಮೂರು ಗಂಟೆ ಮುಂಚಿತವಾಗಿ ನಿಲ್ದಾಣದಲ್ಲಿರುವುದು ರೂಢಿ. ಇಳಿದ ಮೇಲೆ ವಲಸೆ ತಪಾಸಣೆ, ಸಾಮಾನು ಪಡೆಯುವುದು ಹಾಗೂ ಸುಂಕ ತಪಾಸಣೆಗೆ ಒಂದರಿಂದ ಎರಡು ಗಂಟೆ ಬೇಕಾಗಬಹುದು. ದೇವನಹಳ್ಳಿಯ ನಿಲ್ದಾಣದಿಂದ ಬೆಂಗಳೂರಿನ ಹೃದಯಭಾಗವು 35 ಕಿಲೋಮೀಟರಿನಷ್ಟು ದೂರದಲ್ಲಿದ್ದು, ವಾಹನ ದಟ್ಟಣೆಯ ವೇಳೆಯಲ್ಲಿ ಇದಕ್ಕೇ ಒಂದೂವರೆ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಮೈಸೂರು, ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ ಮೊದಲಾದ ಊರುಗಳಿಗೆ ಹೋಗಬೇಕಾದವರು ಮುಂದಿನ ರೈಲು ಅಥವಾ ರಸ್ತೆ ಪ್ರಯಾಣದ ಸಮಯವನ್ನೂ ಕೂಡಿಸಿಕೊಳ್ಳಬೇಕು. ನೇರ ವಿಮಾನದಲ್ಲಿ ಬಂದರೂ ಮನೆಯ ಬಾಗಿಲಿನಿಂದ ಬೆಂಗಳೂರಿನ ಕಚೇರಿಯ ಬಾಗಿಲಿಗೆ ಸುಮಾರು 24 ಗಂಟೆ ಎಂದು ಎಣಿಸುವುದು ಕ್ಷೇಮಕರ.

ಬುಧವಾರ ಬೆಳಿಗ್ಗೆ 10.00 ಗಂಟೆಗೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಹಾಜರಾಗಬೇಕಾದವರು ಸೋಮವಾರ ರಾತ್ರಿಯ ನೇರ ವಿಮಾನವನ್ನು ಹಿಡಿದರೆ ಬುಧವಾರ ನಸುಕಿಗೆ ತಲುಪುತ್ತಾರೆ. ಆರು ಗಂಟೆಗಳಷ್ಟು ಸಮಯ ಉಳಿಯುತ್ತದೆಯಾದರೂ ವಿಮಾನ ಸ್ವಲ್ಪ ಹೆಚ್ಚು ತಡವಾದರೆ ಕಾರ್ಯ ಕೆಡುತ್ತದೆ. ನಿದ್ರೆಯಿಲ್ಲದೆ ಬಂದವರು ಕಾಗದಪತ್ರಗಳಿಗೆ ಸಹಿ ಮಾಡುವಾಗ ತಪ್ಪಾಗುವ ಸಂಭವವೂ ಉಂಟು. ಶನಿವಾರ ರಾತ್ರಿ ಹೊರಟು ಸೋಮವಾರ ತಲುಪುವುದು ಉತ್ತಮ. ಭಾನುವಾರ ರಾತ್ರಿ ಹೊರಡುವುದು ಕೊನೆಯ ಮಿತಿ.

8. ಮರಣಾದಿ ತುರ್ತು ಸಂದರ್ಭಗಳಲ್ಲಿ

ಊರಿನಲ್ಲಿ ತಂದೆ ಅಥವಾ ತಾಯಿ ನಿಧನರಾದಾಗ ಅಮೆರಿಕದಲ್ಲಿರುವ ಮಗ ಅಥವಾ ಮಗಳು ಬರುವವರೆಗೆ ಅಂತ್ಯಕ್ರಿಯೆಗೆ ಕಾಯಬೇಕೆ ಎಂಬ ಪ್ರಶ್ನೆ ಕುಟುಂಬದವರನ್ನು ಕಾಡುತ್ತದೆ. ಆ ಗಳಿಗೆಯಲ್ಲಿ ದಿನಗಳನ್ನು ಸರಿಯಾಗಿ ಎಣಿಸುವುದು ಕಷ್ಟ. ಆದುದರಿಂದ ಈ ಲೆಕ್ಕವನ್ನು ಇಲ್ಲಿ ನೀಡಲಾಗಿದೆ.

ಚಳಿಗಾಲದ ಒಂದು ಸೋಮವಾರ ಬೆಳಿಗ್ಗೆ 9.00 ಗಂಟೆಗೆ ಬೆಂಗಳೂರಿನಿಂದ ಸುದ್ದಿ ತಿಳಿಸಿದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದು ಭಾನುವಾರ ರಾತ್ರಿ 7.30. ಅಂದೇ ರಾತ್ರಿಯ ವಿಮಾನವನ್ನು ಹಿಡಿಯುವುದು ಬಹುತೇಕ ಅಸಾಧ್ಯ. ಅವರ ಸೋಮವಾರ ರಾತ್ರಿ 8.30ಕ್ಕೆ ಹೊರಟರೆ, ಒಂದು ಕಡೆ ವಿಮಾನ ಬದಲಿಸಿ 24 ಗಂಟೆಗಳಲ್ಲಿ ಬಂದರೂ ತಲುಪುವುದು ಬುಧವಾರ ಬೆಳಿಗ್ಗೆ 10.00ಕ್ಕೆ. ಅಂದರೆ ಸುದ್ದಿ ತಿಳಿದ ಸಮಯದಿಂದ ಎರಡು ದಿನಕ್ಕೂ ಹೆಚ್ಚು. ಸ್ವಂತ ಊರು ಬೆಂಗಳೂರಿನಿಂದ ದೂರವಿದ್ದರೆ ಬುಧವಾರ ಸಂಜೆ ಅಥವಾ ರಾತ್ರಿಯಾಗಬಹುದು. "ನಾಳೆ ಬರುತ್ತಾರೆ" ಎಂಬ ನಿರೀಕ್ಷೆಯಲ್ಲಿ ಬಂಧುಗಳನ್ನು ಮಂಗಳವಾರ ಕೂಡಿಸುವುದಕ್ಕಿಂತ, ಕಾಯುವುದಾದರೆ ಬುಧವಾರದವರೆಗೆ ಪಾರ್ಥಿವ ಶರೀರವನ್ನು ಆಸ್ಪತ್ರೆಯ ಶೈತ್ಯಾಗಾರದಲ್ಲಿ ಇರಿಸಲು ಮೊದಲೇ ಏರ್ಪಾಡು ಮಾಡಿಕೊಳ್ಳುವುದು, ಇಲ್ಲವಾದರೆ ಕಾಯದೆ ಮುಂದುವರಿಯಲು ದೂರದಲ್ಲಿರುವವರೊಡನೆ ಮಾತನಾಡಿ ಒಪ್ಪಿಗೆಯಾಗುವುದು ಸೂಕ್ತ.

9. ಅರ್ಜಿದಾರರ ಗಮನಕ್ಕೆ

1) ಕಚೇರಿಯಲ್ಲಿ ಸಮಯಾವಕಾಶ ದೊರೆತ ನಂತರವೇ ಟಿಕೆಟ್ ಕಾಯ್ದಿರಿಸುವುದು ಉತ್ತಮ. ತಲುಪುವ ದಿನಕ್ಕೂ ಹಾಜರಾಗುವ ದಿನಕ್ಕೂ ನಡುವೆ ಕನಿಷ್ಠ ಒಂದು ಪೂರ್ಣ ದಿನದ ಬಿಡುವಿರಲಿ.

2) ಅರ್ಜಿಗಳಲ್ಲಿ ಆಗಮನದ ದಿನಾಂಕವನ್ನು ಕೇಳಿದ್ದರೆ ಹೊರಟ ದಿನಾಂಕವನ್ನು ಬರೆಯದೆ, ಭಾರತದಲ್ಲಿ ಇಳಿದ ದಿನಾಂಕವನ್ನು ಪಾಸ್‌ಪೋರ್ಟಿನ ಮುದ್ರೆಗೆ ಹೊಂದುವಂತೆ ನಮೂದಿಸತಕ್ಕದ್ದು.

3) ಮಾರ್ಚ್ ಹಾಗೂ ನವೆಂಬರ್ ತಿಂಗಳುಗಳಲ್ಲಿ ದೂರವಾಣಿ ಅಥವಾ ವಿಡಿಯೊ ಸಂದರ್ಶನದ ಸಮಯವನ್ನು ಪಡೆದವರು ಗಡಿಯಾರದ ಬದಲಾವಣೆಯನ್ನು ಪರಿಶೀಲಿಸಿಕೊಳ್ಳತಕ್ಕದ್ದು.

4) ಪ್ರತಿದಿನ ನಿಗದಿತ ಅಂತರದಲ್ಲಿ ಔಷಧಿ ಸೇವಿಸುವವರು, ವಿಶೇಷವಾಗಿ ಇನ್ಸುಲಿನ್ ಪಡೆಯುವವರು, ಯಾವ ಗಡಿಯಾರದಂತೆ ಸೇವಿಸಬೇಕೆಂದು ಹೊರಡುವ ಮುನ್ನ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಔಷಧಿಗಳು ಕೈಚೀಲದಲ್ಲಿಯೇ ಇರಲಿ.

5) ನಾಲ್ಕು ಗಂಟೆಗೂ ಮೀರಿ ಒಂದೇ ಕಡೆ ಕುಳಿತಿದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಆಗಾಗ ಎದ್ದು ನಡೆದಾಡುವುದು, ಪಾದಗಳನ್ನು ಆಡಿಸುವುದು ಹಾಗೂ ಸಾಕಷ್ಟು ನೀರು ಕುಡಿಯುವುದು ಹಿರಿಯ ನಾಗರಿಕರಿಗೆ ಅವಶ್ಯ.

6) ನಿಗದಿತ ದಿನಕ್ಕೆ ಬರಲು ಸಾಧ್ಯವೇ ಇಲ್ಲದವರು, ಕಾನೂನು ಅವಕಾಶ ನೀಡುವ ಕಾರ್ಯಗಳಿಗಾಗಿ ಊರಿನಲ್ಲಿರುವ ನಂಬಿಕಸ್ಥರಿಗೆ ಪವರ್ ಆಫ್ ಅಟಾರ್ನಿ ಪತ್ರವನ್ನು ನಿಯಮಾನುಸಾರ ದೃಢೀಕರಿಸಿ ಕಳುಹಿಸಬಹುದು. ವಿದೇಶದಲ್ಲಿ ಸಹಿ ಮಾಡಿದ ಇಂತಹ ಪತ್ರಕ್ಕೆ ಅದು ಭಾರತವನ್ನು ತಲುಪಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕವನ್ನು ಪಾವತಿಸತಕ್ಕದ್ದು.

ಈ ಪುಟದಲ್ಲಿ ನೀಡಿರುವ ದೂರ ಹಾಗೂ ಅವಧಿಗಳು ಅಂದಾಜಿನವು. ಪ್ರಯಾಣದ ದಿನದ ನಿಖರವಾದ ವೇಳೆಗೆ ವಿಮಾನ ಸಂಸ್ಥೆಯ ವೇಳಾಪಟ್ಟಿಯೇ ಆಧಾರ. ಆ ವೇಳಾಪಟ್ಟಿಯನ್ನು ಓದುವಾಗ ಎರಡು ಊರುಗಳ ಗಡಿಯಾರಗಳನ್ನೂ, ಎರಡು ದಿನಾಂಕಗಳನ್ನೂ ಒಂದು ಕಾಗದದ ಮೇಲೆ ಪಕ್ಕಪಕ್ಕದಲ್ಲಿ ಬರೆದುಕೊಂಡರೆ ಇಲ್ಲಿ ವಿವರಿಸಿದ ಬಹುತೇಕ ತೊಂದರೆಗಳನ್ನು ತಪ್ಪಿಸಬಹುದು.